ಎರಡು ವಾರ, ಒಂದು ಬಾಡಿಗೆ ಕಾರು, ಫ್ರಾನ್ಸಿನ ಹಳ್ಳಿಗಳು: ಎಷ್ಟು ಊರು ಹಿಡಿಸುತ್ತೆ?

ಓದುಗರ ಪ್ರಶ್ನೆ: ಜೂನ್‌ನಲ್ಲಿ 14 ದಿನ ರಜೆ ಇದೆ. ನಾವಿಬ್ಬರು, ಎಂಟು ವರ್ಷದ ಮಗಳು. ಫ್ರಾನ್ಸಿನ ಹಳ್ಳಿಗಾಡನ್ನು ನಾವೇ ಕಾರು ಓಡಿಸಿಕೊಂಡು ನಿಧಾನಕ್ಕೆ ನೋಡಬೇಕು ಅಂತ ಆಸೆ. ಲುವಾರ್, ದೋರ್ದೋನ್, ಪ್ರೊವಾನ್ಸ್, ಆಲ್ಪ್ಸ್, ಅಲ್ಸಾಸ್ ಇಷ್ಟನ್ನೂ ಸೇರಿಸಬಹುದಾ?

ಸೇರಿಸಬಹುದು. ಆದರೆ ಆಗ ಅದು ನಿಧಾನದ ಪ್ರವಾಸ ಆಗಲ್ಲ, ಟ್ಯಾಕ್ಸಿ ಡ್ಯೂಟಿ ಆಗುತ್ತೆ. ದೋರ್ದೋನ್‌ನಿಂದ ಪ್ರೊವಾನ್ಸ್‌ಗೆ ಹೋಗುವುದಕ್ಕೇ ಐದು ಗಂಟೆಯಾದರೂ ಬೇಕು. ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಹತ್ತು ದಿನದಲ್ಲಿ ಆರು ಊರು. ವಾಪಸ್ ಬಂದ ಮೇಲೆ ಚೆನ್ನಾಗಿ ನೆನಪಿದ್ದದ್ದು ಹೆದ್ದಾರಿ ಪಕ್ಕದ ಕಾಫಿ ಮಷಿನ್‌ಗಳು ಮಾತ್ರ.

ಹಾಗಾಗಿ ನನ್ನ ಉತ್ತರ ಮೂರು. ಮೂರು ಪ್ರದೇಶ, ಅವೂ ಅಕ್ಕಪಕ್ಕದಲ್ಲೇ ಇರುವಂಥವು.

ಲೆಕ್ಕವನ್ನು ಕಿಲೋಮೀಟರ್‌ನಲ್ಲಿ ಹಾಕಬೇಡಿ, ಹಾಸಿಗೆಯಲ್ಲಿ ಹಾಕಿ. ಎಷ್ಟು ಸಲ ಹಾಸಿಗೆ ಬದಲಿಸುತ್ತೀರೋ ಅಷ್ಟು ದಿನ ಕೈಬಿಟ್ಟಿತು ಅಂತಲೇ ಲೆಕ್ಕ. ಬೆಳಿಗ್ಗೆ ಪ್ಯಾಕಿಂಗ್, ಹತ್ತು ಗಂಟೆಗೆ ಮನೆ ಖಾಲಿ ಮಾಡುವುದು, ಹೊಸ ಮನೆಯ ಬೀಗದ ಕೈ ಸಂಜೆ ನಾಲ್ಕಕ್ಕೆ, ನಡುವೆ ಡಿಕ್ಕಿ ತುಂಬ ಸಾಮಾನು ಇಟ್ಟುಕೊಂಡು ಎಲ್ಲಿ ನಿಲ್ಲಿಸಿದರೂ ಒಂದು ಕಣ್ಣು ಕಾರಿನ ಮೇಲೆ. 14 ದಿನ ಅಂದರೆ 13 ರಾತ್ರಿ, ಅದರಲ್ಲಿ ಮೊದಲನೆಯದು ಮತ್ತು ಕೊನೆಯದು ವಿಮಾನದ ಪಾಲು. ಉಳಿದದ್ದು 11. ಇದನ್ನು ಐದು ಪ್ರದೇಶಕ್ಕೆ ಹಂಚಿದರೆ ಎಲ್ಲೂ ಎರಡನೇ ಸಲ ಅದೇ ಬೇಕರಿಗೆ ಹೋಗುವ ಭಾಗ್ಯ ಇರಲ್ಲ.

ನಾನು ಹೇಳುವ ದಾರಿ ಇದು. ಪ್ಯಾರಿಸ್‌ನಿಂದ ಬ್ರೀವ್ ಊರಿಗೆ ರೈಲು, ನಾಲ್ಕೂವರೆ ಗಂಟೆ ಹತ್ತಿರ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದು, ಅದೂ ಬಲಗಡೆ ಓಡಿಸುವ ದೇಶದಲ್ಲಿ, ಅವತ್ತೇ ಸ್ಟೇರಿಂಗ್ ಹಿಡಿಯುವುದು ಬೇಡ. ಬ್ರೀವ್‌ನಲ್ಲಿ ಮಲಗಿ, ಮಾರನೇ ದಿನ ಅಲ್ಲೇ ಕಾರು ತಗೊಳ್ಳಿ. ಕೊನೆಗೆ ಅಲ್ಲೇ ಬಿಡಿ. ಬೇರೆ ಊರಲ್ಲಿ ಬಿಟ್ಟರೆ ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ ಬೀಳುತ್ತೆ.

ಮೊದಲ ಐದು ರಾತ್ರಿ ದೋರ್ದೋನ್, ಸಾರ್ಲಾ ಊರಿನ ಆಸುಪಾಸು. ಬುಧವಾರ ಮತ್ತು ಶನಿವಾರ ಅಲ್ಲಿ ಸಂತೆ, ಅದು ತಪ್ಪದಂತೆ ದಿನ ಹೊಂದಿಸಿಕೊಳ್ಳಿ. ಇಲ್ಲಿನ ಅಸಲಿ ಸಂಪತ್ತು ಗುಹೆಗಳು. ಲಾಸ್ಕೋ ಗುಹೆಯಲ್ಲಿ ಆದಿಮಾನವರು ಬಿಡಿಸಿದ ಚಿತ್ರಗಳು 1940ರಲ್ಲಿ ಸಿಕ್ಕವು. ನೋಡಲು ಬಂದವರ ಉಸಿರಿಗೇ ಗೋಡೆ ಕೆಡತೊಡಗಿತು ಅಂತ 1963ರಲ್ಲಿ ಮುಚ್ಚಿದರು. ಈಗ ಜನ ನೋಡುವುದು ಮೊಂತಿನ್ಯಾಕ್‌ನಲ್ಲಿ 2016ರಲ್ಲಿ ತೆರೆದ ಪೂರ್ತಿ ಪ್ರತಿಕೃತಿಯನ್ನು. ನಕಲು ತಾನೆ ಅಂತ ಮೂಗು ಮುರಿಯಬೇಡಿ, ಚೆನ್ನಾಗಿದೆ. ಆದರೆ ಅಸಲಿಯೇ ಬೇಕು ಅನ್ನುವವರಿಗೆ ಲೇಜೇಜಿ ಹಳ್ಳಿಯ ಫೋಂ ದ ಗೋಮ್ ಗುಹೆ ಇದೆ. ಒಂದು ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಟಿಕೆಟ್ ಮೊದಲೇ ನೋಡಿಕೊಳ್ಳಿ.

ಆಮೇಲೆ ಲೋ ಕಣಿವೆ, ಫಿಜಾಕ್ ಹತ್ತಿರ ಮೂರು ರಾತ್ರಿ. ಸಾರ್ಲಾದಿಂದ ಸುಮಾರು 100 ಕಿಲೋಮೀಟರ್. ನಮ್ಮ ಮೂಡಿಗೆರೆ ಕಡೆಯ ರಸ್ತೆ ನೆನಪಿಸಿಕೊಳ್ಳಿ. ಟಾರು ಚೆನ್ನಾಗಿರುತ್ತೆ, ಗುಂಡಿ ಇರಲ್ಲ, ಆದರೆ ತಿರುವು ಬಿಡಲ್ಲ. ಮ್ಯಾಪು ಒಂದು ಮುಕ್ಕಾಲು ಗಂಟೆ ಅಂದರೆ ನೀವು ಮೂರು ಗಂಟೆ ಇಟ್ಟುಕೊಳ್ಳಿ. ದಾರಿಯಲ್ಲೇ ಪಾದಿರಾಕ್ ಇದೆ. ನೆಲ ಕುಸಿದು ಆದ 75 ಮೀಟರ್ ಆಳದ ಬಾವಿಯಂಥ ಗುಂಡಿ, ಒಳಗಿಳಿದರೆ ಭೂಮಿಯಡಿಯ ನದಿಯಲ್ಲಿ ದೋಣಿ. ಮಗಳು ಇದೊಂದನ್ನೇ ಮುಂದಿನ ವರ್ಷದವರೆಗೂ ಹೇಳಿಕೊಂಡು ತಿರುಗುತ್ತಾಳೆ. ಫಿಜಾಕ್, ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋಂ ಹುಟ್ಟಿದ ಊರು. ಒಂದು ಅಂಗಳದ ನೆಲಕ್ಕೇ, ಆ ಗುಟ್ಟಿಗೆ ಕೀಲಿಯಾದ ರೊಸೆಟ್ಟಾ ಶಿಲೆಯ ದೊಡ್ಡ ಕರಿಕಲ್ಲಿನ ಪ್ರತಿ ಹಾಸಿದ್ದಾರೆ, ಮಕ್ಕಳು ಅಕ್ಷರದ ಮೇಲೇ ಓಡಾಡಬಹುದು. ಪೆಶ್ ಮೆರ್ಲ್ ಗುಹೆಯೂ ಈ ಕಣಿವೆಯದ್ದೇ, ಚುಕ್ಕೆ ಕುದುರೆಗಳ ಅಸಲಿ ಚಿತ್ರಗಳು ಅಲ್ಲಿವೆ. ಇದನ್ನು 1922ರಲ್ಲಿ ಕಂಡುಹಿಡಿದದ್ದೂ ಹದಿಹರೆಯದ ಹುಡುಗರೇ, ಲಾಸ್ಕೋದ ಹಾಗೆ.

ಕೊನೆಯ ಮೂರು ರಾತ್ರಿ ಕಾಂತಾಲ್ ಬೆಟ್ಟಗಳಲ್ಲಿ, ಸಾಲೇರ್ ಊರಿನ ಸುತ್ತ. ಹಳೆಯ ಜ್ವಾಲಾಮುಖಿ ಸೀಮೆ. ಮನೆಗಳೆಲ್ಲ ಕಪ್ಪು ಕಲ್ಲಿನವು, ಹಸುಗಳು ಕೆಂಗಂದು ಬಣ್ಣದವು, ಕೊಂಬು ದೊಡ್ಡದು. ಸಾಲೇರ್ ಹೆಸರಿನ ಚೀಸ್ ಮಾಡುವುದು ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಮಾತ್ರ, ಹಸು ಹುಲ್ಲುಗಾವಲಲ್ಲಿ ಮೇಯುವ ಕಾಲದಲ್ಲಿ. ಪಾ ದ ಪೆರೋಲ್ ಘಾಟಿ 1,589 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿರುತ್ತೆ, ಜೂನ್‌ನಲ್ಲಿ ಚಿಂತೆಯಿಲ್ಲ. ಇಲ್ಲಿಂದ ಬ್ರೀವ್ ಎರಡು ಗಂಟೆ ಹಾದಿ, ಕೊನೆ ರಾತ್ರಿ ಪ್ಯಾರಿಸ್. ಒಟ್ಟು 13 ಸರಿಹೋಯ್ತು ಅಲ್ವಾ?

ಕಾರಿನ ವಿಷಯ. ಊರು ಬಿಡುವ ಮೊದಲೇ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತೆ. ಜೊತೆಗೆ ಇಲ್ಲಿನ ಡಿಎಲ್ ಕೂಡ ಇರಲಿ, ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬರಲ್ಲ. ಅಲ್ಲಿ ಗೇರ್ ಕಾರುಗಳೇ ಜಾಸ್ತಿ. ಆಟೊಮ್ಯಾಟಿಕ್ ಬೇಕಿದ್ದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ, ಎಡಗೈಯಲ್ಲಿ ಹಾಕುತ್ತಿದ್ದ ಗೇರನ್ನು ಬಲಗೈಗೆ ಕಲಿಸುವ ತಾಪತ್ರಯ ತಪ್ಪುತ್ತೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಇನ್ನೊಂದು ಮಾತು, ಕ್ರೆಡಿಟ್ ಕಾರ್ಡ್ ಕಾರು ಓಡಿಸುವವರ ಹೆಸರಲ್ಲೇ ಇರಲಿ. ನನ್ನ ಹತ್ತಿರ ಡೆಬಿಟ್ ಕಾರ್ಡ್ ಇತ್ತು, ಹೆಂಡತಿ ಹತ್ತಿರ ಕ್ರೆಡಿಟ್ ಕಾರ್ಡ್, ಬುಕಿಂಗ್ ನನ್ನ ಹೆಸರಲ್ಲಿ. ಕೌಂಟರ್ ಮುಂದೆ ಒಂದೂವರೆ ಗಂಟೆ ನಿಂತು ಕೊನೆಗೆ ಅವಳನ್ನೇ ಡ್ರೈವರ್ ಮಾಡಿದ್ದಾಯ್ತು, ಪುಣ್ಯಕ್ಕೆ ಅವಳೂ ಪರವಾನಗಿ ಮಾಡಿಸಿಕೊಂಡಿದ್ದಳು.

ಬಂಕ್‌ನಲ್ಲಿ ಹುಷಾರು. ಗಜೋಲ್ ಅಂತ ಬರೆದಿದ್ದರೆ ಅದು ಡೀಸೆಲ್! ಓದಿದ ತಕ್ಷಣ ಅಮೆರಿಕದವರ ಗ್ಯಾಸೊಲಿನ್ ನೆನಪಾಗಿ ಪೆಟ್ರೋಲ್ ಅಂದುಕೊಂಡು ಕೈ ಅಲ್ಲಿಗೇ ಹೋಗುತ್ತೆ. ಪೆಟ್ರೋಲ್‌ಗೆ 95 ಅಥವಾ 98 ಸಂಖ್ಯೆ ನೋಡಿ.

ರಸ್ತೆಯಲ್ಲಿ ಒಂದೇ ನಿಯಮ ನಮ್ಮವರನ್ನು ಕಕ್ಕಾಬಿಕ್ಕಿ ಮಾಡುವುದು: ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ಊರಿನ ಮುಖ್ಯ ರಸ್ತೆಯಲ್ಲಿ ನೆಟ್ಟಗೆ ಹೋಗುತ್ತಿರುತ್ತೀರಿ, ಬಲಗಡೆಯ ಒಂದು ಸಣ್ಣ ಓಣಿಯಿಂದ ಅಜ್ಜನೊಬ್ಬ ಹಳೇ ವ್ಯಾನಿನಲ್ಲಿ ನಿಮ್ಮ ಕಡೆ ನೋಡದೆಯೇ ಬಂದುಬಿಡುತ್ತಾನೆ, ಮತ್ತು ಬೇರೆ ಫಲಕ ಇಲ್ಲದಿದ್ದರೆ ಕಾನೂನು ಅವನ ಕಡೆಗಿದೆ. ಹಳದಿ ವಜ್ರಾಕಾರದ ಫಲಕ ಇದ್ದರೆ ಹಕ್ಕು ನಿಮ್ಮದು. ಅದಕ್ಕೆ ಅಡ್ಡಗೆರೆ ಎಳೆದಿದ್ದರೆ ಆ ಹಕ್ಕು ಮುಗಿಯಿತು. ಊರಿನ ಹೆಸರಿನ ಫಲಕವೇ 50ರ ವೇಗಮಿತಿ ಶುರು ಅಂತ ಹೇಳುತ್ತೆ, ಬೇರೆ ಬರೆದಿರಲ್ಲ. ಹಳ್ಳಿ ರಸ್ತೆಗಳಿಗೆ 2018ರಿಂದ ಸಾಮಾನ್ಯ ಮಿತಿ 80, ಕೆಲವು ಜಿಲ್ಲೆಗಳು ಕೆಲವು ರಸ್ತೆಗಳಲ್ಲಿ ಮತ್ತೆ 90ಕ್ಕೆ ಏರಿಸಿಕೊಂಡಿವೆ.

ಊಟಕ್ಕೆ ಬಂದರೆ, ಹೋಟೆಲಿನವರ ಮಧ್ಯಾಹ್ನ ಅಂದರೆ ಹನ್ನೆರಡರಿಂದ ಎರಡು. ಎರಡೂ ಕಾಲಿಗೆ ಹೋದರೆ ಕುರ್ಚಿ ಎತ್ತಿಡುತ್ತಿರುತ್ತಾರೆ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತೆ, ಸಣ್ಣ ಊರುಗಳಲ್ಲಿ ಸೋಮವಾರವೂ ಅನುಮಾನ. ಹಾಸಿಗೆ ಬದಲಿಸುವ ದಿನ ಭಾನುವಾರ, ಸೋಮವಾರ ಬೀಳದಂತೆ ನೋಡಿಕೊಳ್ಳಿ. ನಾವು ಒಂದು ಸೋಮವಾರ ರಾತ್ರಿ ಒಣ ಬ್ರೆಡ್ಡು, ಎರಡು ಬಾಳೆಹಣ್ಣಿನಲ್ಲಿ ಕಳೆದಿದ್ದೇವೆ. ಸಸ್ಯಾಹಾರಿಗಳಿಗೆ ಈ ಸೀಮೆ ಸುಲಭ ಅಂತ ಸುಳ್ಳು ಹೇಳಲ್ಲ. ದೋರ್ದೋನ್ ಪೂರ್ತಿ ಬಾತುಕೋಳಿ. ಕಾಂತಾಲ್‌ನ ಆಲೂಗಡ್ಡೆ-ಚೀಸ್ ತ್ರುಫಾದ್ ನೋಡಲು ಸಾಧು, ಆದರೆ ಎಷ್ಟೋ ಕಡೆ ಅದಕ್ಕೆ ಹಂದಿ ಕೊಬ್ಬೋ ತುಂಡೋ ಬಿದ್ದಿರುತ್ತೆ, ಕೇಳಿಯೇ ತಿನ್ನಿ. ಅದಕ್ಕೇ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ, ಅಲ್ಲಿ ಅದನ್ನು ಜೀತ್ ಅನ್ನುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಬಹುಪಾಲು ಶನಿವಾರದಿಂದ ಶನಿವಾರಕ್ಕೆ ಪೂರ್ತಿ ವಾರ ತಗೋಬೇಕು. ಜೂನ್‌ನಲ್ಲಿ ಮೂರು ರಾತ್ರಿಗೂ ಕೊಡುವವರು ಸಿಗುತ್ತಾರೆ. ಸಂತೆಯ ತರಕಾರಿ, ಅಂಗಡಿಯಲ್ಲಿ ಸಿಗುವ ಪ್ಯುಯಿ ಊರಿನ ಹಸಿರು ಬೇಳೆ, ಒಂದು ಒಗ್ಗರಣೆ. ಅಷ್ಟು ಸಾಕು.

ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ಯೂರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ಧಾರವಾಡದ ಪೇಡವನ್ನು ಹೊರಡುವ ಮೊದಲೇ ಮನೆಯಲ್ಲಿ ತಿಂದು ಮುಗಿಸಿ.