ಹಸು ಕುಡಿಯುವುದು ಅರವತ್ತು ಲೀಟರ್, ಅದರ ಮೇವು ಕುಡಿಯುವುದು ಮೂರು ಸಾವಿರ

ಎರಡೆಕರೆ ಜಮೀನು, ಬದುವಿನಲ್ಲಿ ನಾಲ್ಕು ಮಾವು, ಮನೆ ಹಿಂದೆ ಒಂದಿಷ್ಟು ತರಕಾರಿ. ಇದನ್ನು ದೊಡ್ಡದು ಮಾಡಲು ಹೊರಟವರು ಎಷ್ಟೋ ಸಲ ಮೊದಲು ಹಸು ತಂದು ಕಟ್ಟುತ್ತಾರೆ, ಮೇವಿನ ಯೋಚನೆ ಆಮೇಲೆ. ಬಯಲುಸೀಮೆಯಲ್ಲಿ ಇದು ತಲೆಕೆಳಗಾದ ಲೆಕ್ಕ.

400 ಕಿಲೋ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿಮೇವು, 5 ಕಿಲೋ ಒಣಹುಲ್ಲು ಬೇಕು. ಹಿಂಡಿ ಬೇರೆ. ಹಸಿಮೇವೇ ವರ್ಷಕ್ಕೆ 9 ಟನ್ ಆಯಿತು. ಅಷ್ಟನ್ನು ಬೆಳೆಯಲು ನೇಪಿಯರ್ ಹುಲ್ಲು ಆರು ಗುಂಟೆಯಾದರೂ ಇರಲಿ. ಬೇಸಿಗೆಯಲ್ಲಿ ಆ ಮಡಿಗೆ ದಿನಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೂ 3,000 ಲೀಟರ್! ಹಸು ಕುಡಿಯುವ 60 ಲೀಟರ್ ಇದರ ಮುಂದೆ ಏನೂ ಅಲ್ಲ.

ಕೃಷಿ ಹೊಂಡ ಇದೆಯಲ್ಲ ಎನ್ನಬಹುದು. ಬಾಯಿ 10 ಮೀಟರ್ ಚೌಕ, ಆಳ 3 ಮೀಟರ್ ಎಂದರೆ 3 ಲಕ್ಷ ಲೀಟರ್ ಎಂದು ಗುಣಿಸಿಬಿಡುತ್ತೇವೆ. ದಡ ಕುಸಿಯದಂತೆ ಸುತ್ತ 45 ಡಿಗ್ರಿ ಇಳಿಜಾರು ಬಿಟ್ಟಾಗ ತಳ 4 ಮೀಟರಿಗೆ ಇಳಿಯುತ್ತದೆ, ಹಿಡಿಯುವುದು ಒಂದೂವರೆ ಲಕ್ಷವಷ್ಟೇ. ಒಂದು ಹಸುವಿನ ಹುಲ್ಲಿಗೆ ಅದು 50 ದಿನದ ನೀರು. ಆವಿಯಾಗುವುದನ್ನು ಕಳೆದರೆ ಇನ್ನೂ ಕಡಿಮೆ.

ಹಾಗಾಗಿ ಮಳೆಗಾಲದ ನೀರನ್ನು ಮೇವಿನ ರೂಪದಲ್ಲೇ ಕೂಡಿಡುವುದು ಜಾಣತನ. ಅದೇ ರಸಮೇವು (ಸೈಲೇಜ್), ಅಂದರೆ ಹಸಿಮೇವನ್ನು ಗಾಳಿಯಾಡದಂತೆ ತುಂಬಿ ಹುಳಿ ಬರಿಸಿ ಇಡುವುದು. ಜೂನ್‌ನಲ್ಲಿ ಎಂಟು ಗುಂಟೆಗೆ ಮುಸುಕಿನ ಜೋಳ ಬಿತ್ತಿ, ಕಾಳು ಹಾಲುದುಂಬಿ ಗಟ್ಟಿಯಾಗತೊಡಗಿದಾಗ ಕೊಯ್ದು, ಒಂದು ಇಂಚಿಗೂ ಚಿಕ್ಕದಾಗಿ ಕತ್ತರಿಸಬೇಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ ನೋಡಿ. ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಿದರೆ ಇನ್ನೊಂದಿಷ್ಟು ಹೊತ್ತು ಬಾಡಲಿ. ಮುಷ್ಟಿ ಬಿಚ್ಚಿದೊಡನೆ ಉದುರಿದರೆ ಒಣಗಿದ್ದು ಹೆಚ್ಚಾಯಿತು. ಅಂಗೈ ಬರೀ ಒದ್ದೆಯಾಗಿ, ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿ.

ಒಂದೆರಡು ಹಸುವಿದ್ದವರಿಗೆ ರಸಮೇವು ತುಂಬಲು ಗುಂಡಿ ಬೇಡ. ದಿನಕ್ಕೆ ಇಪ್ಪತ್ತೇ ಕಿಲೋ ತೆಗೆಯುತ್ತ ಹೋದರೆ ತೆರೆದ ಮೈಯೆಲ್ಲ ಗಾಳಿಗೆ ಕೆಡುತ್ತದೆ. ಮುಚ್ಚಳ ಬಿಗಿಯಾದ 200 ಲೀಟರ್ ಡ್ರಮ್ಮಿನಲ್ಲಿ ಪದರ ಪದರವಾಗಿ ತುಳಿದು ತುಂಬಿದರೆ ಸುಮಾರು 100 ಕಿಲೋ ಹಿಡಿಯುತ್ತದೆ, ಐದು ದಿನಕ್ಕೆ ಮುಗಿಯುತ್ತದೆ. ಗಾಳಿಯಿಲ್ಲದ ಕಡೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ. ದೋಸೆಹಿಟ್ಟು ಹುಳಿ ಬರುವುದೂ ಇಂಥವುಗಳಿಂದಲೇ. 45 ದಿನ ಬಿಟ್ಟು ತೆರೆದಾಗ ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇರಬೇಕು. ಕೆಟ್ಟ ಬೆಣ್ಣೆಯ ನಾತ ಬಂದರೆ ನೀರಿನಂಶ ಹೆಚ್ಚಿತ್ತು ಎಂದರ್ಥ. ಬೂಸ್ಟು ಹಿಡಿದಿದ್ದರೆ ಗಾಳಿ ಹೊಕ್ಕಿದೆ. ಅದನ್ನು ಹಸುವಿಗೆ ಹಾಕಲೇಬೇಡಿ. ರೊಟ್ಟಿಯ ಜೋಳದ (ಮುಸುಕಿನ ಜೋಳವಲ್ಲ) ಕೂಳೆ ಚಿಗುರಿದ್ದನ್ನೂ, ಮಳೆಯಿಲ್ಲದೆ ಬಾಡಿದ ಎಳೆ ಜೋಳವನ್ನೂ ಹಸಿಯಾಗಿ ಮೇಯಿಸಬಾರದು. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ಕಟ್ಟಿದ ಹಗ್ಗದಲ್ಲೇ ಹಸು ಬೀಳುತ್ತದೆ.

ಹಸು ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಜಳದಲ್ಲಿರುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಅಮೋನಿಯದ್ದು, ಅಂದರೆ ಗೊಬ್ಬರವೇ ಗಾಳಿಗೆ ಹಾರಿಹೋಗುತ್ತಿದೆ. ಆರಡಿ ನೆಲಕ್ಕೆ ಎರಡಿಂಚು ಇಳಿಜಾರು ಕೊಟ್ಟು, ಗಂಜಳವನ್ನು ತರಗೆಲೆ, ದನ ಬಿಟ್ಟ ಹುಲ್ಲು ತುಂಬಿದ ಗುಂಡಿಗೆ ಹರಿಸಿ. ಒಣ ಕಸ ಅದನ್ನು ಹೀರಿ ಹಿಡಿದಿಡುತ್ತದೆ.

ಈ ಗೊಬ್ಬರ ಕಳಿತ ಮೇಲೆಯೇ ಹೊಸ ಮಾವು. 30 ಅಡಿ ಅಂತರದಲ್ಲಿ ಎಕರೆಗೆ 48 ಗಿಡ. ಮೂರಡಿ ಉದ್ದ, ಅಗಲ, ಆಳದ ಗುಂಡಿಗೆ 20–25 ಕಿಲೋ ಗೊಬ್ಬರ. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳು ಬರುತ್ತವೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ, ಅದರ ಕೆಳಗೆ ಚಿಗುರಿದ್ದನ್ನೆಲ್ಲ ಚಿವುಟಿ. ಇಲ್ಲದಿದ್ದರೆ ಕಸಿ ಸೊರಗಿ, ಕಾಡುಮಾವೇ ಮರವಾಗಿ ನಿಲ್ಲುತ್ತದೆ. ಮೊದಲ ಮೂರು ವರ್ಷ ಹೂವನ್ನೂ ಕಿತ್ತುಬಿಡಿ. ಸಾಲಿನ ನಡುವೆ ಅಲಸಂದೆ, ಹುರುಳಿ ಬಿತ್ತಿದರೆ ಕಾಳಿನ ಜೊತೆ ಮೇವೂ ಆಯಿತು.

ಮಾವು ಬೆಳೆದ ಮೇಲೆ ಕುರಿ ಬಿಡಬಹುದು, ನೆಲದ ಹುಲ್ಲನ್ನೇ ಹೆಚ್ಚು ಮೇಯುತ್ತವೆ. ಆಡು ಹಿಂಗಾಲ ಮೇಲೆ ನಿಂತು ಚಿಗುರು ಎಳೆಯುತ್ತದೆ, ತೊಗಟೆಯನ್ನೂ ಸುಲಿಯುತ್ತದೆ. ಕಾಂಡದ ಸುತ್ತ ತೊಗಟೆ ಪೂರ್ತಿ ಹೋದರೆ ಬೇರಿಗೆ ಆಹಾರ ಇಳಿಯುವುದಿಲ್ಲ, ಮರ ಒಣಗುತ್ತದೆ. ಆಡು ಸಾಕುವವರು ಅದನ್ನು ಕಟ್ಟಿಯೇ ಮೇಯಿಸಬೇಕು. ಬೇಲಿಗೆ ನೆಟ್ಟ ಅಗಸೆ ಮರದ ಸೊಪ್ಪು, ನುಗ್ಗೆ ಸೊಪ್ಪು ಅದಕ್ಕೆ ಆಗುತ್ತದೆ.