‘ಕೆಟ್ಟ ಬಾಲ್ಯ ಕಂಡವರೇ ಅಪರಾಧಿಗಳಾಗುವುದಲ್ಲವೇ?’: ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಬಾಲ್ಯದಲ್ಲಿ ಹೊಡೆತ, ಹಸಿವು, ಅವಮಾನ ಕಂಡವರೇ ಮುಂದೆ ಅಪರಾಧಿಗಳಾಗುತ್ತಾರೆ ಅನ್ನುತ್ತಾರೆ. ಇದು ಎಲ್ಲ ದೇಶಗಳಲ್ಲೂ ಹೀಗೆಯೇ, ಅಥವಾ ಒಂದೊಂದು ಸಮಾಜದಲ್ಲಿ ಒಂದೊಂದು ಥರವೇ?

ಉತ್ತರ: ಈ ಪ್ರಶ್ನೆ ನನಗೆ ಬರುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಒಂದು, ಎಲ್ಲೋ ಭೀಕರ ಕೊಲೆ ನಡೆದು, ಆರೋಪಿಯ ಅಪ್ಪ ಮಹಾ ಕುಡುಕನಾಗಿದ್ದ ಎಂದು ಟೀವಿಯವರು ಪತ್ತೆ ಹಚ್ಚಿದ ಮಾರನೆಯ ದಿನ. ಇನ್ನೊಂದು, ಪರೀಕ್ಷೆ ಹತ್ತಿರ ಬಂದಾಗ. ಇಬ್ಬರಿಗೂ ಹೇಳುವುದು ಒಂದೇ ಉತ್ತರ. ಆದರೂ ತಿಂಗಳು ಕಳೆಯುವುದರೊಳಗೆ ಅದೇ ಪ್ರಶ್ನೆ ಬೇರೆ ಅಂಗಿ ತೊಟ್ಟು ಬಂದು ನಿಲ್ಲುತ್ತದೆ. ಈ ಸಲ ಉದ್ದಕ್ಕೇ ಬರೆದಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಅವಸರದವರಿಗೆ ಇಷ್ಟು: ಕಷ್ಟದ ಬಾಲ್ಯಕ್ಕೂ ಅಪರಾಧಕ್ಕೂ ನಂಟಿರುವುದು ನಿಜ, ಅಳೆದು ನೋಡಿದ ಹಲವು ದೇಶಗಳಲ್ಲಿ ಅದು ಕಂಡಿದೆ. ಆದರೆ ಆ ನಂಟು ಎಷ್ಟು ಗಟ್ಟಿ, ಎಷ್ಟು ಸಡಿಲ ಎಂಬುದನ್ನು ಆ ಮಗುವಿನ ಸುತ್ತಲಿನ ಸಮಾಜವೂ ತೀರ್ಮಾನಿಸುತ್ತದೆ. ಇಷ್ಟು ಸಾಕೆನ್ನುವವರು ಇಲ್ಲಿಗೇ ಎದ್ದು ಹೋಗಬಹುದು. ನಾನಂತೂ ಪ್ರಶ್ನೆಯೊಳಗಿನ ‘ಕಂಡವರೇ’ ಅನ್ನುವ ಮಾತನ್ನು ದಾಟಿ ಮುಂದೆ ಹೋಗಲಾರೆ. ಆ ಪದದ ತುದಿಗೆ ಒಂದು ‘ಏ’ ಅಂಟಿಕೊಂಡಿದೆ, ನೋಡಿ. ನನ್ನ ಸಿಟ್ಟೆಲ್ಲ ಅದರ ಮೇಲೆ. ಅದನ್ನು ಇತ್ಯರ್ಥ ಮಾಡದೆ ದೇಶ ದೇಶಗಳನ್ನು ಹೋಲಿಸಲು ಕೂತರೆ, ಮುರಿದ ತಕ್ಕಡಿಯಲ್ಲಿ ತೂಗಿದ ಹಾಗೆ.

ಈ ‘ಏ’ ಹುಟ್ಟುವುದು ಜೈಲಿನಲ್ಲಿ. ಒಳಗಿರುವವರನ್ನು ಕೂರಿಸಿ, ನಿಮ್ಮ ಬಾಲ್ಯ ಹೇಗಿತ್ತು ಎಂದು ಕೇಳುತ್ತೇವೆ. ಒಬ್ಬನ ಅಪ್ಪ ಹೊಡೆಯುತ್ತಿದ್ದ, ಇನ್ನೊಬ್ಬನ ತಾಯಿ ಬಿಟ್ಟು ಹೋದಳು, ಮತ್ತೊಬ್ಬ ಶಾಲೆಯ ಮುಖವನ್ನೇ ಸರಿಯಾಗಿ ಕಾಣಲಿಲ್ಲ. ಹತ್ತು ಕಥೆ ಕೇಳುವಷ್ಟರಲ್ಲಿ ‘ಓ, ಇದೇ ಕಾರಣ’ ಎಂದು ತಲೆಯಾಡಿಸಿ ಬರುತ್ತೇವೆ. ಅದೇ ಬಾಲ್ಯ ಕಂಡು, ಈಗ ಎಲ್ಲೋ ಲೆಕ್ಕ ಬರೆಯುತ್ತಲೋ ಬಸ್ಸು ಓಡಿಸುತ್ತಲೋ ಇರುವವರನ್ನು ಹುಡುಕಿಕೊಂಡು ಹೋಗಿ ಕೇಳುವವರು ಯಾರು? ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ಮುಕ್ಕಾಲು ಪಾಲು ಮೆಟ್ಟಿಲಿನಿಂದ ಬಿದ್ದವರೇ ಎಂದಿಟ್ಟುಕೊಳ್ಳಿ. ಅಷ್ಟರಿಂದ ಮೆಟ್ಟಿಲು ಹತ್ತಿದವರಲ್ಲಿ ಮುಕ್ಕಾಲು ಪಾಲು ಕಾಲು ಮುರಿದುಕೊಳ್ಳುತ್ತಾರೆ ಅಂತ ಯಾರಾದರೂ ಹೇಳುತ್ತಾರೆಯೇ? ಮೆಟ್ಟಿಲಿನ ವಿಷಯದಲ್ಲಿ ಎಲ್ಲರಿಗೂ ಅರ್ಥವಾಗುವ ಲೆಕ್ಕ, ಮನುಷ್ಯರ ವಿಷಯಕ್ಕೆ ಬಂದರೆ ಯಾಕೋ ಮರೆತು ಹೋಗುತ್ತದೆ.

ಲೆಕ್ಕವನ್ನು ಸರಿಯಾದ ತುದಿಯಿಂದ ಹಿಡಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ಸ್ಪ್ಯಾಟ್ಜ್ ವೈಡಮ್ ಮುಖ್ಯರು. ಅವರು ಜೈಲಿಗೆ ಹೋಗಲಿಲ್ಲ, ಹಳೆಯ ಕೋರ್ಟು ದಾಖಲೆಗಳಿಗೆ ಹೋದರು. ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಒಳಗಾಗಿದ್ದು ಕೋರ್ಟಿನಲ್ಲೇ ಸಾಬೀತಾಗಿದ್ದ 908 ಮಕ್ಕಳನ್ನು ತೆಗೆದುಕೊಂಡರು. ಅವರ ಎದುರಿಗೆ ವಯಸ್ಸು, ಲಿಂಗ, ಜನಾಂಗ, ಮನೆಯ ಸ್ಥಿತಿಗತಿ ಇವುಗಳಲ್ಲಿ ಹೊಂದುವ, ಆದರೆ ಅಂಥ ದಾಖಲೆ ಇಲ್ಲದ 667 ಮಕ್ಕಳನ್ನು ಇಟ್ಟರು. ಆಮೇಲೆ ಇಬ್ಬರ ಪೊಲೀಸ್ ದಾಖಲೆಗಳನ್ನೂ ತೆಗೆಸಿ ನೋಡಿದರು. 1989ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೊಂದ ಮಕ್ಕಳಲ್ಲಿ ಬಾಲಾಪರಾಧಕ್ಕಾಗಿ ಬಂಧನವಾದವರು ನೂರಕ್ಕೆ 26. ಇನ್ನೊಂದು ಗುಂಪಿನಲ್ಲಿ 17. ಹಿಂಸೆಯ ಅಪರಾಧಗಳನ್ನಷ್ಟೇ ತೆಗೆದುಕೊಂಡರೆ ಅತ್ತ 11, ಇತ್ತ 8.

ಇದನ್ನು ಎರಡೂ ಕಡೆಯಿಂದ ಓದಬೇಕು. ಹದಿನೇಳರಿಂದ ಇಪ್ಪತ್ತಾರಕ್ಕೆ ಏರಿದ್ದು ಸಣ್ಣ ಮಾತಲ್ಲ. ಬಾಲ್ಯದ ಗಾಯಕ್ಕೆ ಬೆಲೆಯೇ ಇಲ್ಲ ಅನ್ನುವವರ ಬಾಯಿ ಮುಚ್ಚಿಸಲು ಅಷ್ಟು ಸಾಕು. (ಹೊಡೆಯದೆ, ಬರೀ ಗಮನಿಸದೆ ಬಿಟ್ಟ ಮಕ್ಕಳಲ್ಲೂ ಹಿಂಸೆಯ ಪ್ರಕರಣಗಳು ಹೆಚ್ಚಿದ್ದವು. ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.) ಆದರೆ ‘ಹಿಂಸೆ ಉಂಡವನು ಹಿಂಸೆಯನ್ನೇ ಬಡಿಸುತ್ತಾನೆ’ ಅನ್ನುವ ಮಾತಿಗೆ ಬಂದರೆ, ನೊಂದ ನೂರು ಮಕ್ಕಳಲ್ಲಿ 89 ಮಂದಿ ಹಿಂಸೆಯ ಯಾವ ಕೇಸಿನಲ್ಲೂ ಸಿಕ್ಕಿಬಿದ್ದಿರಲಿಲ್ಲ. ಅಂಥ ದಾಖಲೆಯೇ ಇಲ್ಲದ ಮನೆಗಳಿಂದ ಬಂದವರಲ್ಲೂ ನೂರಕ್ಕೆ 17 ಮಂದಿ ಠಾಣೆ ಕಂಡಿದ್ದರು. ‘ಏ’ ಎರಡೂ ತುದಿಯಲ್ಲಿ ಕಿತ್ತು ಬಂತು.

ಹವಾಯಿಯ ಕವಾಯಿ ದ್ವೀಪದ ಅಧ್ಯಯನವೂ ಇದನ್ನೇ ಬೇರೆ ದಾರಿಯಿಂದ ಹೇಳುತ್ತದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಜಗಳ, ತಾಯ್ತಂದೆಯರ ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟಗಳು ಒಟ್ಟಿಗೇ ಬಿದ್ದ ಮಕ್ಕಳಲ್ಲಿ ಮೂರನೇ ಒಂದು ಪಾಲು ಯಾವ ತೊಂದರೆಯೂ ಇಲ್ಲದೆ, ಅಕ್ಕರೆಯ, ಹೊಣೆಯರಿತ ಮನುಷ್ಯರಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ತೀರ ಸಾಮಾನ್ಯ ಸಂಗತಿ: ಅಜ್ಜಿಯೋ ಚಿಕ್ಕಮ್ಮನೋ ಮೇಷ್ಟ್ರೋ ನೆರೆಯವರೋ, ಕೈ ಬಿಡದ ಒಬ್ಬ ದೊಡ್ಡವರು.

ಇನ್ನೂ ಸಾಲದೆ? ಹಾಗಾದರೆ ಅಕ್ಕತಂಗಿಯರನ್ನು ನೋಡಿ. ಅದೇ ಮನೆ, ಅದೇ ಅಪ್ಪ, ಅದೇ ಹಸಿವು. ಆದರೆ ಜಗತ್ತಿನಾದ್ಯಂತ ಕೊಲೆ ಆರೋಪಿಗಳಲ್ಲಿ ಸುಮಾರು ನೂರಕ್ಕೆ 90 ಮಂದಿ ಗಂಡಸರು. ಬಾಲ್ಯವೊಂದೇ ಎಲ್ಲವನ್ನೂ ಮಾಡುವುದಾಗಿದ್ದರೆ ಹೆಂಗಸರ ಜೈಲುಗಳೂ ಅಷ್ಟೇ ತುಂಬಿರಬೇಕಿತ್ತು.

ಇಷ್ಟು ಹಠ ಯಾಕೆ ಎಂದು ಕೇಳಬಹುದು. ಈ ‘ಏ’ ಬರೀ ಹರಟೆಯ ಮಾತಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಅದು ಕಾನೂನೂ ಆಗಿತ್ತು. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿತು. ನೂಲಿನಂತೆ ಸೀರೆ ಎಂಬ ಗಾದೆಗೆ ಸರಕಾರದ ಮೊಹರು ಬಿದ್ದ ಹಾಗಾಯಿತು. ಕಾಯ್ದೆ ರದ್ದಾದದ್ದು 1952ರಲ್ಲಿ. ಹೆಸರಿಗೆ ಅಂಟಿದ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ‘ನನ್ನ ಬಾಲ್ಯವೂ ಹಾಗೇ ಇತ್ತು, ನನ್ನೊಳಗೂ ಅಂಥದ್ದೇನಾದರೂ ಇದೆಯಾ ಸಾರ್?’ ಎಂದು ದನಿ ತಗ್ಗಿಸಿ ಕೇಳುವವರನ್ನು ಕಂಡಾಗಲೆಲ್ಲ ಈ ಗಾದೆಯ ಮೇಲೆ ನನ್ನ ಕೋಪ ಇಮ್ಮಡಿಯಾಗುತ್ತದೆ. ಇಲ್ಲಮ್ಮ, ಇಲ್ಲ.

ಸರಿ, ಈಗ ಕೇಳಿದ ಪ್ರಶ್ನೆಗೆ ಬರೋಣ. ಒಂದೇ ಅನುಭವ ಎರಡು ಸಮಾಜಗಳಲ್ಲಿ ಎರಡು ಥರ ಫಲ ಕೊಡುತ್ತದೆಯೇ? ಕೊಡುತ್ತದೆ. ಇದಕ್ಕೆ ನನಗೆ ತುಂಬ ಇಷ್ಟವಾದ ಪುರಾವೆ ಅಪ್ಪನೋ ಅಮ್ಮನೋ ಜೈಲಿಗೆ ಹೋದ ಮಕ್ಕಳದು. ದಕ್ಷಿಣ ಲಂಡನ್ನಿನ 411 ಹುಡುಗರನ್ನು, ಹೆಚ್ಚಿನವರು 1953ರಲ್ಲಿ ಹುಟ್ಟಿದವರು, ಡೊನಾಲ್ಡ್ ವೆಸ್ಟ್ ಮತ್ತು ಡೇವಿಡ್ ಫ್ಯಾರಿಂಗ್ಟನ್ ಎಂಟನೇ ವಯಸ್ಸಿನಿಂದ ಹಿಂಬಾಲಿಸುತ್ತ ಬಂದಿದ್ದರು. ಅದೇ 1953ರಲ್ಲಿ ಹುಟ್ಟಿದ, ಸ್ಟಾಕ್‌ಹೋಮಿನಲ್ಲಿ ಬೆಳೆದ 15,117 ಮಕ್ಕಳ ದಾಖಲೆ ಸ್ವೀಡನ್ನಿನಲ್ಲಿತ್ತು. ಜೋಸೆಫ್ ಮರ್ರೆ ಮತ್ತು ಜೊತೆಗಾರರು ಎರಡನ್ನೂ ಅಕ್ಕಪಕ್ಕ ಇಟ್ಟರು.

ಎರಡೂ ಕಡೆ, ಜೈಲು ಕಂಡವರ ಮಕ್ಕಳಲ್ಲಿ ಅಪರಾಧ ಹೆಚ್ಚೇ ಇತ್ತು. ಆದರೆ ಜೈಲಿಗೆ ಹೋಗುವ ತಂದೆತಾಯಿ ಮೊದಲೇ ಅಪರಾಧ ಮಾಡಿದವರು, ಅವರ ಮನೆಯಲ್ಲಿ ಮೊದಲೇ ಸಾವಿರ ತಾಪತ್ರಯ. ಹಾಗಾಗಿ ತಂದೆತಾಯಿಯ ಅಪರಾಧದ ಪ್ರಮಾಣವನ್ನು ಸರಿದೂಗಿಸಿ ಮತ್ತೆ ನೋಡಬೇಕು. ಹಾಗೆ ನೋಡಿದಾಗ ಇಂಗ್ಲೆಂಡಿನಲ್ಲಿ ಜೈಲುವಾಸದ ಹೆಚ್ಚುವರಿ ಪೆಟ್ಟು ಹಾಗೆಯೇ ಉಳಿಯಿತು. ಸ್ವೀಡನ್ನಿನಲ್ಲಿ ಅದು ಮಾಯವಾಯಿತು! ಒಂದೇ ವರ್ಷ ಹುಟ್ಟಿದ ಮಕ್ಕಳು, ಅಪ್ಪ ಜೈಲಿಗೆ ಹೋದ ಒಂದೇ ನೋವು. ಬೇರೆಯಾದದ್ದು ಏನು? ಆ ಕಾಲದ ಸ್ವೀಡನ್ನಿನಲ್ಲಿ ಶಿಕ್ಷೆಯ ಅವಧಿ ಚಿಕ್ಕದು, ಕುಟುಂಬ ಬಂದು ನೋಡುವುದು ಸುಲಭ, ಸರಕಾರದ ನೆರವು ಹೆಚ್ಚು, ದಾರಿ ತಪ್ಪಿದ ಮಕ್ಕಳನ್ನು ಪೊಲೀಸರಿಗಿಂತ ಮೊದಲು ಸಮಾಜ ಕಲ್ಯಾಣದವರು ನೋಡಿಕೊಳ್ಳುವ ಪದ್ಧತಿ. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳಲು ಆ ಅಧ್ಯಯನದಿಂದ ಆಗದು, ಸಂಶೋಧಕರೂ ಇವನ್ನು ಸಂಭವನೀಯ ಕಾರಣಗಳೆಂದಷ್ಟೇ ಮುಂದಿಟ್ಟರು. ಆದರೆ ‘ಕಳ್ಳನ ಮಗ ಕಳ್ಳ’ ಎಂಬುದು ರಕ್ತದ ನಿಯಮವಾಗಿದ್ದರೆ ಅದು ಲಂಡನ್ನಿಗೊಂದು, ಸ್ಟಾಕ್‌ಹೋಮಿಗೊಂದು ಲೆಕ್ಕ ಇಟ್ಟುಕೊಳ್ಳುತ್ತಿರಲಿಲ್ಲ.

ವಯಸ್ಸಿನ ಕಥೆಯೂ ಹೀಗೆಯೇ. ಹದಿಹರೆಯದ ಕೊನೆಗೆ ಅಪರಾಧ ತುತ್ತತುದಿಗೇರಿ ಆಮೇಲೆ ಇಳಿಯುತ್ತದೆ, ಇದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ನಿಯಮ ಎಂದು 1983ರಲ್ಲಿ ಅಮೆರಿಕದ ಅಪರಾಧಶಾಸ್ತ್ರಜ್ಞರಾದ ಟ್ರಾವಿಸ್ ಹಿರ್ಶಿ ಮತ್ತು ಮೈಕೆಲ್ ಗಾಟ್‌ಫ್ರೆಡ್‌ಸನ್ ವಾದಿಸಿದರು. ಅಮೆರಿಕದ ಅಂಕಿಗಳಲ್ಲಿ ಅದು ಬಹುಮಟ್ಟಿಗೆ ಹೌದು. ತೈವಾನಿನ ಅಂಕಿಗಳನ್ನು ತೆಗೆದು ನೋಡಿದಾಗ ಆ ಹದಿಹರೆಯದ ಚೂಪು ಶಿಖರವೇ ಇರಲಿಲ್ಲ; ಅಲ್ಲಿ ಏರಿಕೆ ನಿಧಾನ, ತುದಿ ಮುಟ್ಟುವುದು ಇಪ್ಪತ್ತರ ಕೊನೆ, ಮೂವತ್ತರ ಆಸುಪಾಸು. ಹದಿಹರೆಯವನ್ನು ಓರಗೆಯವರ ಕೈಗೆ ಒಪ್ಪಿಸುವ ಸಮಾಜಕ್ಕೂ, ಮನೆ ಮತ್ತು ಶಾಲೆಯ ಕಣ್ಣೆದುರೇ ಇಟ್ಟುಕೊಳ್ಳುವ ಸಮಾಜಕ್ಕೂ ಇರುವ ಅಂತರ ಅದು.

ಜಪಾನನ್ನು ನೋಡಿದರಂತೂ ಬಾಲ್ಯದ ಸಿದ್ಧಾಂತ ತಲೆ ಕೆರೆದುಕೊಳ್ಳಬೇಕು. 2018ರ ಹೊತ್ತಿಗೆ ಅಲ್ಲಿ ದಂಡಸಂಹಿತೆಯಡಿ ಸಿಕ್ಕಿಬಿದ್ದವರಲ್ಲಿ ಐವರಲ್ಲೊಬ್ಬರು 65 ದಾಟಿದವರು, ಹೆಚ್ಚಿನವರು ಅಂಗಡಿಗಳಲ್ಲಿ ಸಣ್ಣಪುಟ್ಟ ವಸ್ತು ಎತ್ತಿದವರು. ಎಪ್ಪತ್ತರ ಅಜ್ಜಿ ಮೊದಲ ಸಲ ಕದ್ದರೆ ಅವಳ ಆರನೇ ವಯಸ್ಸಿನಲ್ಲಿ ಏನಾಯಿತೆಂದು ಹುಡುಕುತ್ತ ಕೂರುತ್ತೀರಾ? ಗಂಡ ತೀರಿಕೊಂಡದ್ದು, ಮಾತಾಡಿಸುವವರಿಲ್ಲದ್ದು, ಕೈಯಲ್ಲಿ ಕಾಸಿಲ್ಲದ್ದು ಇವೂ ಜೀವನಾನುಭವಗಳೇ.

ಬಡತನ, ಯುದ್ಧ ಎನ್ನುವವರಿಗೆ ಒಂದೇ ಉದಾಹರಣೆ. ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ 1980ರಿಂದ 1992ರವರೆಗೆ ಅಂತರ್ಯುದ್ಧ ಕಂಡಿತು. ಅದೇ ಭಾಗದ ನಿಕರಾಗುವಾ ಕೂಡ ಅದೇ ದಶಕವಿಡೀ ಯುದ್ಧದಲ್ಲಿ ಬೆಂದಿತು, ಮೇಲಾಗಿ ಇನ್ನೂ ಬಡ ದೇಶ. 2015ರಲ್ಲಿ ಎಲ್ ಸಾಲ್ವಡಾರಿನಲ್ಲಿ ಲಕ್ಷ ಜನಕ್ಕೆ ನೂರಕ್ಕೂ ಹೆಚ್ಚು ಕೊಲೆ. ನಿಕರಾಗುವಾದಲ್ಲಿ ಹತ್ತರ ಆಸುಪಾಸು. ಸಾಲ್ವಡಾರಿನಿಂದ ಓಡಿಹೋದ ಕುಟುಂಬಗಳ ಹುಡುಗರು ಲಾಸ್ ಏಂಜಲಿಸ್‌ನ ಬೀದಿಗಳಲ್ಲಿ ಗ್ಯಾಂಗುಗಳಿಗೆ ಸೇರಿದರು. ತೊಂಬತ್ತರ ದಶಕದಲ್ಲಿ ಅಮೆರಿಕ ಅವರನ್ನು ಹಿಡಿದು ವಾಪಸು ಅಟ್ಟಿದಾಗ ಗ್ಯಾಂಗೂ ಜೊತೆಗೇ ಬಂದಿಳಿಯಿತು. (2022ರ ನಂತರ ಸಾಲ್ವಡಾರ್ ಸರಕಾರ ಹತ್ತಾರು ಸಾವಿರ ಜನರನ್ನು ಒಮ್ಮೆಗೇ ಜೈಲಿಗೆ ತುಂಬಿ ಕೊಲೆಗಳ ಸಂಖ್ಯೆ ಇಳಿಸಿದ್ದು ಬೇರೆಯೇ ಕಥೆ, ಅದಕ್ಕೆ ಪ್ರತ್ಯೇಕ ಪ್ರಶ್ನೆ ಕಳಿಸಿ.) ಅಂದ ಹಾಗೆ, ಇಲ್ಲಿ ಕೊಲೆಯ ಅಂಕಿಯನ್ನೇ ಹಿಡಿದದ್ದಕ್ಕೆ ಕಾರಣವಿದೆ: ಕಳ್ಳತನ, ಹಲ್ಲೆಗಳ ವ್ಯಾಖ್ಯೆ ದೇಶಕ್ಕೊಂದು, ದೂರು ಕೊಡುವ ಧೈರ್ಯವೂ ದೇಶಕ್ಕೊಂದು. ಹೆಣವನ್ನು ಲೆಕ್ಕದಿಂದ ತಪ್ಪಿಸುವುದು ಅಷ್ಟು ಸುಲಭವಲ್ಲ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಎಲ್ಲರೂ ‘ಯಾಕೆ ಶುರು ಮಾಡುತ್ತಾರೆ’ ಎಂದೇ ಕೇಳುತ್ತಾರೆ, ‘ಯಾಕೆ ಬಿಡುತ್ತಾರೆ’ ಎಂದು ಒಬ್ಬರೂ ಕೇಳುವುದಿಲ್ಲವಲ್ಲ! ಅದು ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ.

ಬಾಸ್ಟನ್ನಿನಲ್ಲಿ ಶೆಲ್ಡನ್ ಮತ್ತು ಎಲಿನಾರ್ ಗ್ಲೂಕ್ ದಂಪತಿ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರನ್ನೂ, ಹೊರಗಿದ್ದ 500 ಹುಡುಗರನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಆರು ವರ್ಷದ ಮಗುವಿನ ಮನೆಯನ್ನು ನೋಡಿಯೇ ಅದು ಮುಂದೆ ದಾರಿ ತಪ್ಪುತ್ತದೋ ಇಲ್ಲವೋ ಹೇಳಬಹುದು ಎಂಬ ವಿಶ್ವಾಸ ಅವರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯ ಪೈಕಿಯವರು. ಅವರ ಕಾಗದಪತ್ರಗಳ ಪೆಟ್ಟಿಗೆಗಳು ಹಾರ್ವರ್ಡಿನ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ದೂಳು ತಿನ್ನುತ್ತಿದ್ದಾಗ, ಎಂಬತ್ತರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವನ್ನು ಹೊರತೆಗೆದರು. ಸುಧಾರಣಾ ಶಾಲೆಯ ಆ ಹುಡುಗರ ದಾಖಲೆಗಳನ್ನು ಎಪ್ಪತ್ತನೇ ವಯಸ್ಸಿನವರೆಗೂ ಬೆನ್ನುಹತ್ತಿದರು, 52 ಮುದುಕರನ್ನು ಹುಡುಕಿ ಮಾತಾಡಿಸಿದರು. ಮರಗಳು ಬಗ್ಗಿದ್ದವು. ಒಬ್ಬ ಬೇಗ, ಒಬ್ಬ ತಡವಾಗಿ, ಆದರೆ ಬಹುಪಾಲು ಎಲ್ಲರೂ ಬಿಟ್ಟಿದ್ದರು. ಯಾರು ಯಾವಾಗ ಬಿಡುತ್ತಾರೆ ಎಂಬುದು ಬಾಲ್ಯದ ವಿವರಗಳಿಂದ ಗೊತ್ತಾಗುತ್ತಿರಲಿಲ್ಲ. ಕಾಯಂ ಕೆಲಸ, ಸೈನ್ಯ, ಹಳೇ ಬೀದಿ ಬಿಟ್ಟದ್ದು, ಮತ್ತು ಮದುವೆ, ಇವು ಮತ್ತೆ ಮತ್ತೆ ಬಂದವು.

‘ನೋಡಿದ್ರಾ, ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಎಂದು ಈಗ ಯಾರೋ ಒಬ್ಬರು ಎದೆಯುಬ್ಬಿಸುತ್ತಿರುತ್ತಾರೆ. ಸ್ವಲ್ಪ ತಾಳಿ. ನಾರ್ವೆಯ ಸಂಶೋಧಕರು ಅಲ್ಲಿನ ಸರಕಾರಿ ದಾಖಲೆಗಳಲ್ಲಿ ಗಂಡಸರ ಮದುವೆಯ ದಿನಾಂಕವನ್ನೂ ಅಪರಾಧದ ದಿನಾಂಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಪರಾಧ ಇಳಿದಿತ್ತು, ಆದರೆ ಮದುವೆಗೆ ವರ್ಷಗಳ ಮೊದಲೇ. ಮದುವೆಯಾದ ಮೇಲೆ ಹೊಸದಾಗಿ ಇಳಿದದ್ದೇನೂ ಇರಲಿಲ್ಲ. ಅಲ್ಲಿ ಜೋಡಿಗಳು ಎಷ್ಟೋ ಕಾಲ ಜೊತೆಗಿದ್ದು, ಎಲ್ಲ ಸರಿಯಾದ ಮೇಲೆ ನಿಧಾನಕ್ಕೆ ಮದುವೆಯಾಗುವುದು ವಾಡಿಕೆ. ಐವತ್ತರ ದಶಕದ ಬಾಸ್ಟನ್ನಿನಲ್ಲಿ ಹುಡುಗರು ಎಳೆ ವಯಸ್ಸಿಗೇ ಮದುವೆಯಾಗಿ, ಆಮೇಲೆ ಸಂಸಾರದ ನೊಗಕ್ಕೆ ಕತ್ತು ಕೊಡುತ್ತಿದ್ದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರಲ್ಲ, ಆ ಗಾದೆಯ ಮೊದಲರ್ಧ ಬಾಸ್ಟನ್ನಿನವರದು, ಉಳಿದರ್ಧ ನಾರ್ವೆಯವರದು.