ಸೀಟಿಗೆ ಯಾವ ಅಂಕ? ಸಿಇಟಿಯಿಂದ ನೀಟ್‌ವರೆಗೆ

ಹಾಸನದಲ್ಲಿ ಮಕ್ಕಳನ್ನು ಪಿಯುಗೆ ಸೇರಿಸುವ ಅಪ್ಪ-ಅಮ್ಮಂದಿರು ಮೊದಲು ಕೇಳೋದು ಒಂದೇ: ಇಲ್ಲಿ ಸಿಇಟಿ, ನೀಟ್ ಕೋಚಿಂಗ್ ಇದೆಯಾ? ಸಿಇಟಿ ರಾಜ್ಯದ ಪ್ರವೇಶ ಪರೀಕ್ಷೆ, ನೀಟ್ ಮೆಡಿಕಲ್ ಸೀಟಿಗೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಪಿಯು ಪಾಠದ ವಿಚಾರ ಆಮೇಲೆ. ಇದು ಒಂದೇ ಸಲಕ್ಕೆ ಹೀಗಾಗಿದ್ದಲ್ಲ.

1984ರಲ್ಲಿ ಕ್ಯಾಪಿಟೇಷನ್ ಶುಲ್ಕ (ಸೀಟಿಗಾಗಿ ಕಾಲೇಜು ಕೇಳುವ ಹೆಚ್ಚುವರಿ ದುಡ್ಡು) ನಿಷೇಧ ಕಾಯ್ದೆ, 1993ರಲ್ಲಿ ಖಾಸಗಿ ವೃತ್ತಿಪರ ಕಾಲೇಜುಗಳೂ ಅರ್ಹತೆ ನೋಡಿಯೇ ಸೀಟು ಕೊಡಬೇಕೆಂದ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು, ಮರುವರ್ಷ ಸಿಇಟಿ ನಡೆಸುವ ಘಟಕ. ದುಡ್ಡಿನ ಬದಲು ರ‍್ಯಾಂಕ್ ಮಾತಾಡಲಿ ಅನ್ನೋದು ಆಶಯ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ. ಅರಕಲಗೂಡು, ಆಲೂರಿನ ಕಾಲೇಜುಗಳ ಮೇಷ್ಟ್ರ ಪಾಠಕ್ಕೂ ಇದರಲ್ಲಿ ಬೆಲೆ ಇತ್ತು.

ಆ ಅರ್ಧದ ಲೆಕ್ಕ ತಪ್ಪಿದ್ದು ಕೋವಿಡ್ ಕಾಲದಲ್ಲಿ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂದಿತ್ತು, ನೆನಪಿದೆಯಲ್ವಾ? ಅದೇ ಬ್ಯಾಚಿನವರು 2021ರಲ್ಲಿ ಪಿಯು ಪರೀಕ್ಷೆಯನ್ನೇ ಬರೆಯಲಿಲ್ಲ. ಎಸ್ಸೆಸ್ಸೆಲ್ಸಿಯಿಂದ 45, ಮೊದಲ ಪಿಯುಸಿಯಿಂದ 45, ಕಾಲೇಜಿನಿಂದ 10 ಅಂತ ಕೂಡಿಸಿ ಅಂಕ ಕೊಟ್ಟರು. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕ ಮಾತ್ರ. 2022ರಲ್ಲಿ ಅವರಲ್ಲೇ ಹಲವರು ಮತ್ತೆ ಸಿಇಟಿ ಬರೆದರು. ಹೊಸ ಬ್ಯಾಚಿಗೆ ಪಿಯು ಅಂಕವೂ ಸೇರುತ್ತೆ, ಇವರ ಪಿಯು ಅಂಕ ಮಾತ್ರ ಲೆಕ್ಕಕ್ಕಿಲ್ಲ ಎಂದಾಗ ಸುಮಾರು 24,000 ಮಕ್ಕಳ ರ‍್ಯಾಂಕ್ ಎಲ್ಲೋ ಹಿಂದಕ್ಕೆ ಹೋಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಆ ಬ್ಯಾಚಿನ ಪಿಯು ಅಂಕದಲ್ಲಿ ಒಂದಿಷ್ಟು ಕಳೆದು, ಉಳಿದದ್ದನ್ನು ಸೇರಿಸಿ ಹೊಸ ಪಟ್ಟಿ ಮಾಡಿದರು. ಪರೀಕ್ಷೆ ಬೇಡ ಅಂದವರು ಮಕ್ಕಳಲ್ಲ. ಓಡಾಡಿದ್ದು ಮಾತ್ರ ಅವರೇ.

ಮೆಡಿಕಲ್‌ನ ದಾರಿ ಬೇರೆ. ನೀಟ್ 2013ರಲ್ಲಿ ಬಂತು, ಅದೇ ಜುಲೈನಲ್ಲಿ ಕೋರ್ಟ್ ರದ್ದು ಮಾಡಿತು, 2016ರಲ್ಲಿ ಮತ್ತೆ ಬಂತು. 2017ರಿಂದ ಕನ್ನಡದಲ್ಲೂ ಬರೆಯಬಹುದು. ಇಲ್ಲಿ ಪಿಯು ಅಂಕ ಬರೀ ಅರ್ಹತೆಗೆ. ಹಾಸನದ್ದೇ ಸರ್ಕಾರಿ ಮೆಡಿಕಲ್ ಕಾಲೇಜು 2006ರಿಂದ ಇದೆ. ಆದರೆ ಮನೆ ಪಕ್ಕದ ಆ ಸೀಟಿಗೂ 720 ಅಂಕದ ಆ ಒಂದು ಪರೀಕ್ಷೆಯೇ ಗತಿ. ಎನ್‌ಐಟಿಯಂಥ ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನಲ್ಲೂ ಅಷ್ಟೇ. ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ 2013ರಿಂದ 2016ರವರೆಗೆ ಹನ್ನೆರಡನೇ ತರಗತಿಯ ಅಂಕಕ್ಕೆ ಶೇ 40 ತೂಕವಿತ್ತು. 2017ರಲ್ಲಿ ಅದೂ ಹೋಯಿತು. ಮಲೆನಾಡಿನ ಮಕ್ಕಳು ಕೋಚಿಂಗ್ ಸಿಗುತ್ತೆ ಅಂತ ಪಿಯುಗೇ ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲ್ ಸೇರೋದು ಸುಮ್ನೆ ಅಲ್ಲ.

2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ 50 ಪ್ರಶ್ನೆಗಳನ್ನು ಲೆಕ್ಕದಿಂದ ಬಿಡಬೇಕಾಯಿತು. ಅದೇ ಜುಲೈನಲ್ಲಿ ನೀಟ್ ಬೇಡ ಎಂದು ವಿಧಾನಮಂಡಲ ನಿರ್ಣಯ ಮಾಡಿತು. ಮೆಡಿಕಲ್ ಸೀಟಿಗೆ ಅದು ಕೇಳಿದ್ದೂ ಇನ್ನೊಂದು ಪ್ರವೇಶ ಪರೀಕ್ಷೆಯನ್ನೇ, ರಾಜ್ಯದ ಸಿಇಟಿಯನ್ನು.